ಹಸಿರು ಸೀರೆ ಮತ್ತು ಕಟ್ಟಡದ ಕಾಯಿದೆ

ಮೈಸೂರಿನಲ್ಲಿ ಹುಟ್ಟಿದ ನಾನು ಯಾದಗಿರಿ ಸೀಮೆಗೆ ಸೊಸೆಯಾಗಿ ಬಂದು ತಲೆ ನರೆತಿದೆ. ಪಕ್ಕದ ಸಾಹುಕಾರರು ಹೊಸ ಮನೆಗೆ ಪಾಯ ತೆಗೆದ ದಿನದಿಂದ ಮಾತ್ರ ನನ್ನ ಹಿತ್ತಲಿನಲ್ಲಿ ಏನಾದರೊಂದು ನಡೆಯುತ್ತಲೇ ಇದೆ. ನಗುವುದು ಓಣಿಯವರು, ಉರಿಯುವುದು ನಾನು. ಈ ಹಿತ್ತಲಿನಲ್ಲಿ, ಮಲಗುವ ಕೋಣೆಗೆ ಹೊಂದಿಕೊಂಡಂತೆ ಒಂದು ಬಚ್ಚಲು ಕಟ್ಟಿಸಬೇಕು. ಮೊಣಕಾಲು ಸೋತ ನನಗೆ ಬೇಕಾದದ್ದು ಅಷ್ಟೇ.

ಬಿಟ್ಟ ಜಾಗ

ಮನೆ ಕಟ್ಟುವವರು ಸುತ್ತ ತಮ್ಮ ಜಾಗದಲ್ಲೇ ಸ್ವಲ್ಪ ಖಾಲಿ ಬಿಡಬೇಕೆಂದು ಕಾಯಿದೆ. ಸಾಹುಕಾರರ ಗೋಡೆ ನನ್ನ ಕಾಂಪೌಂಡಿಗೇ ಒರಗಿಕೊಂಡು ಎದ್ದಿತು. ಕೆಂಭಾವಿಯಿಂದ ಬಂದಿದ್ದ ಮೇಸ್ತ್ರಿಯನ್ನು ಕರೆದು, ಜಾಗ ಎಲ್ಲಿ ಬಿಟ್ಟಿದ್ದೀಯಪ್ಪ ಎಂದು ಕೇಳಿದೆ.

"ಬಿಟ್ಟೀವ್ರಿ ಅಮ್ಮಾರ," ಅಂದ. "ನಕಾಶಾದಾಗ ಬಿಟ್ಟೀವಿ."

ತನಿಖೆ

ಪುರಸಭೆಗೆ ದೂರು ಕೊಟ್ಟೆ. ತಿರುಗಿ ತಿರುಗಿ ಚಪ್ಪಲಿ ಸವೆದ ಮೇಲೆ ಸಾಹೇಬರೊಬ್ಬರು ಬಂದರು. ನೇರ ಸಾಹುಕಾರರ ಹೊಸ ಸ್ಲ್ಯಾಬಿನ ನೆರಳಿಗೆ ಹೋಗಿ ಕುಳಿತರು. ಗೋಡೆ ನೋಡಿ ಎಂದು ನಾನೇ ಹೋಗಿ ಕೇಳಿಕೊಂಡೆ. ವ್ಯವಸ್ಥೆ ಸುಧಾರಣೆಯಾಗಿದೆ, ಈಗ ಎಲ್ಲ ಕಂಪ್ಯೂಟರಿನಲ್ಲಿ, ಫೋಟೋ ನೋಡಿಯೇ ಮಂಜೂರಿ, ಅಧಿಕಾರಿ ಜಾಗಕ್ಕೆ ಬರುವ ಹಾಗೇ ಇಲ್ಲ ಎಂದರು. ಮತ್ತೆ ಈಗ ಬಂದಿದ್ದೀರಲ್ಲ ಎಂದೆ.

"ನಾ ಚಾ ಕುಡಿಯಾಕ ಬಂದೀನ್ರಿ."

ಫೋಟೋ

ಮನೆ ಮುಗಿಯಿತು. ಒಂದು ಬೆಳಿಗ್ಗೆ ಸಾಹುಕಾರರೇ ಮೊಬೈಲು ಹಿಡಿದು ಬಂದು, ಮನೆಯ ಫೋಟೋ ತೆಗೆಯಬೇಕು, ನಿಮ್ಮ ಹಿತ್ತಲಿನಿಂದ ಚಂದ ಬರುತ್ತದೆ ಅಂದರು. ಗೃಹಪ್ರವೇಶದ ಪತ್ರಿಕೆಗಿರಬೇಕು ಎಂದುಕೊಂಡು ಕಸ ಗುಡಿಸಿಕೊಟ್ಟೆ, ಹಪ್ಪಳದ ಚಾಪೆ ಸರಿಸಿದೆ. ಹಗ್ಗದ ಮೇಲೆ ಒಣಗುತ್ತಿದ್ದ ಹಸಿರು ಸೀರೆಯನ್ನು ತೆಗೆಯಲು ಹೋದರೆ, ಇರಲಿ ಬಿಡ್ರಿ ಅಂದರು. ಕಾಂಪೌಂಡು ಮಾತ್ರ ಫೋಟೋದಲ್ಲಿ ಕಾಣದ ಹಾಗೆ ಅದಕ್ಕೆ ತಮ್ಮದೇ ಚಾಪೆ ಹೊದಿಸಿದರು. ಎಂಥ ಅಚ್ಚುಕಟ್ಟು ಮನುಷ್ಯ ಎಂದು ಮೆಚ್ಚಿ ಚಹಾ ಕೊಟ್ಟು ಕಳಿಸಿದವಳೂ ನಾನೇ.

ಬಚ್ಚಲು

ಕಾಯಿದೆ ಮುರಿಯಬಾರದೆಂದು ನನ್ನ ಬಚ್ಚಲಿಗೆ ಪರವಾನಗಿ ಕೇಳಿದೆ. ಆಗುವುದಿಲ್ಲವೆಂದು ಉತ್ತರ ಬಂತು. ಕುಂಟುತ್ತ ಕಚೇರಿಗೆ ಹೋದೆ. ಅದೇ ಸಾಹೇಬರು. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಸಾಹುಕಾರರ ಮನೆ, ಅದರ ಮುಂದೆ ಗುಡಿಸಿ ಥಳಥಳ ಮಾಡಿದ ನನ್ನ ಹಿತ್ತಲು.

"ಇದು ಅವ್ರು ಬಿಟ್ಟ ಜಾಗಾರಿ ಅಮ್ಮಾರ. ಮಂಜೂರ್ ಆಗ್ಯಾದ. ಇದರಾಗ ನೀವು ಬಚ್ಚಲಾ ಕಟ್ಟಿದ್ರ ಅವ್ರ ಮನಿ ಕಾಯಿದೆ ಮೀರಿದಂಗ ಆಗ್ತದ."

ಮೈಯೆಲ್ಲ ಉರಿಯಿತು. ಇದು ನನ್ನ ಗಂಡ ಕೊಂಡ ಜಾಗ, ಅಲ್ಲಿ ಹಗ್ಗದ ಮೇಲಿರುವುದು ನನ್ನದೇ ಸೀರೆ, ಬೇಕಿದ್ದರೆ ನಾಳೆ ಉಟ್ಟುಕೊಂಡೇ ಬರುತ್ತೇನೆ ಎಂದೆ. ಸಾಹೇಬರು ಚಿತ್ರವನ್ನು ದೊಡ್ಡದು ಮಾಡಿ ಸೀರೆಯ ಅಂಚನ್ನು ಬಹಳ ಹೊತ್ತು ಪರೀಕ್ಷೆ ಮಾಡಿದರು. ಅವರು ಮಾಡಿದ ತನಿಖೆ ಅದೊಂದೇ.

"ನಿಮ್ಮದಂತೀರಿ? ಹಂಗಾದ್ರ ಬ್ಯಾರೆಯವ್ರ ಜಾಗಾದಾಗ ಅರಿವಿ ಯಾಕ ಒಣಗಿಸಾಕತ್ತೀರಿ? ತೆಗದುಬಿಡ್ರಿ."

ಈಗ ದಿನಾ ಬೆಳಿಗ್ಗೆ ಮೊದಲು ಆ ಸೀರೆಯನ್ನೇ ಒಗೆದು ಹರವುತ್ತೇನೆ. ಸಾಹುಕಾರರ ಗೋಡೆಯ ನೆರಳಿನಲ್ಲಿ ಅದು ಸಂಜೆಯಾದರೂ ಒಣಗುವುದಿಲ್ಲ. ನಾನೂ ತೆಗೆಯುವುದಿಲ್ಲ.