ಇಪ್ಪತ್ತೆರಡನೇ ಕಲ್ಲು

ಸುಮಿಯೆ: ಇದೂ ಪಾರ್ಕಿಂಗ್ ಜಾಗಾನೇ!

ತೊಕುಜಿ: ಪಾರ್ಕಿಂಗ್ ಜಾಗ ಯಾಕೆ ನೋಡ್ತೀಯ? ಪಕ್ಕದಲ್ಲಿ ನೋಡು. ಆ ಕಾಫಿ ಮಷೀನಿನ ಹಿಂದೆ. ಕಲ್ಲು ಕಾಣಿಸ್ಲಿಲ್ವಾ?

ಸುಮಿಯೆ: ಕಾಣಿಸ್ತು. ಬೆಳಿಗ್ಗೆ ಹತ್ತು ಗಂಟೆಯಿಂದ ಬರೀ ಕಲ್ಲೇ ಕಾಣಿಸ್ತಿದೆ.

ತೊಕುಜಿ: ಅಂಥಿಂಥ ಕಲ್ಲಲ್ಲ ಕಣೇ. ಆರುನೂರು ವರ್ಷದ ಹಿಂದೆ ಮಂತ್ರಿಗಳೊಬ್ಬರ ಅರಮನೆಯ ಹಿತ್ತಲ ಬಾಗಿಲು ಇಲ್ಲೇ ಇತ್ತು.

ಸುಮಿಯೆ: ಇತ್ತು! ಅಲ್ಲಿ ಉಪ್ಪಿನ ಉಗ್ರಾಣ ಇತ್ತು, ಇಲ್ಲಿ ಬಾಗಿಲು ಇತ್ತು, ಆ ಹಲ್ಲಿನ ಡಾಕ್ಟರ ಅಂಗಡೀಲಿ ಸೇನಾಪತಿ ಕುದುರೆ ಇತ್ತು! ರೀ, ಇತ್ತು ಸಾಕು. ಇವತ್ತು ಇರೋದು ಒಂದಾದ್ರೂ ತೋರಿಸ್ತೀರಾ?

ಕಪ್ಪು ಕಾರಿನ ಸ್ಟೀರಿಂಗ್ ಹಿಡಿದಿದ್ದ ಮುಕಾಯಿ ತನ್ನ ಬಿಳಿ ಕೈಗವಸು ಸರಿಮಾಡಿಕೊಂಡು ರಸ್ತೆಯನ್ನೇ ನೋಡುತ್ತಿದ್ದ. ಬಂದವರನ್ನು ಕೂರಿಸಿಕೊಂಡು ಕ್ಯೋಟೊ ತೋರಿಸುವ ಕೆಲಸ ಹಿಡಿದು ಅವನಿಗೆ ಮೂವತ್ತೊಂದು ವರ್ಷ. ಸತ್ತು ಸಾವಿರ ವರ್ಷವಾದ ಚಕ್ರವರ್ತಿಗಳ ಮನೆಜಗಳವನ್ನು ಅವನು ನಿದ್ದೆಯಲ್ಲೂ ಒಪ್ಪಿಸಬಲ್ಲ. ಹಿಂದಿನ ಸೀಟಿನಲ್ಲಿ ಬದುಕಿರುವವರ ಜಗಳಕ್ಕೆ ಮಾತ್ರ ಬಾಯಿ ಹಾಕುವವನಲ್ಲ.

ಇವತ್ತಿನ ಗಿರಾಕಿಗಳು ಶಿಮಾನೆಯ ಬೆಟ್ಟದೂರಿನ ನಿವೃತ್ತ ಸ್ಟೇಷನ್ ಮಾಸ್ಟರ್ ಉರಾಬೆ ತೊಕುಜಿ ಮತ್ತು ಅವರ ಹೆಂಡತಿ ಸುಮಿಯೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕಾರು ಅವರದು. ನವೆಂಬರಿನ ಕೊನೆ, ಊರಿನ ಉಳಿದ ಕಾರುಗಳೆಲ್ಲ ಕೆಂಪು ಮೇಪಲ್ ಎಲೆಗಳ ಹಿಂದೆ ಬಿದ್ದಿದ್ದವು. ಮುಕಾಯಿಯ ಕಾರು ಇಪ್ಪತ್ಮೂರು ಕಲ್ಲುಗಳ ಹಿಂದೆ ಬಿದ್ದಿತ್ತು. ‘ಇಂಥದ್ದು ಇಲ್ಲಿತ್ತು’ ಎಂದು ಸಾರಿ ಹೇಳಲು ಈ ನಗರ ಮೂಲೆಮೂಲೆಯಲ್ಲಿ ನೆಟ್ಟಿರುವ ಮೊಣಕಾಲೆತ್ತರದ ಕಲ್ಲುಗಳವು. ಇದ್ದಾಗ ಉಳಿಸಿಕೊಳ್ಳಲಾರದವರು ಇಲ್ಲವಾದ ಮೇಲೆ ಕಲ್ಲು ನೆಡುತ್ತಾರೆ. ಅದೂ ಎಲ್ಲರಿಗೂ ನೆಡುವುದಿಲ್ಲ.

ತೊಕುಜಿ ಕಾರಿನಿಂದಿಳಿದು ಕಲ್ಲಿನೆದುರು ನೆಟ್ಟಗೆ ನಿಂತರು. ಎಡಗೈ ಸೊಂಟಕ್ಕೆ ಹೋಯಿತು, ಬಲಗೈಯ ತೋರುಬೆರಳು ಮುಂದಕ್ಕೆ ಚಾಚಿತು. ನಲವತ್ತು ವರ್ಷ ಪ್ಲಾಟ್‌ಫಾರ್ಮಿನ ಮೇಲೆ ಸಿಗ್ನಲ್ಲಿಗೂ ರೈಲಿನ ಬಾಗಿಲಿಗೂ ಬೆರಳು ತೋರಿಸಿ ಕೂಗಿದ ಅಭ್ಯಾಸ.

ತೊಕುಜಿ: ಕಲ್ಲು, ಸರಿ! ಅಕ್ಷರ, ಸರಿ! ಹಿಂದೆ ವಾಹನ, ಇಲ್ಲ!

ಸುಮಿಯೆ: ಹಿಂದೆ ಹೆಂಡ್ತಿ, ಇದ್ದಾಳೆ! ರೀ, ಬೇಗ ಹತ್ತಿ! ಮೂರರಿಂದ ನಾಲ್ಕು ಗಂಟೆವರೆಗೆ ಕಾರು ನಿಂದು ಅಂದಿದ್ರಿ. ಈಗ ಗಂಟೆ ಎಷ್ಟು?

ಮುಕಾಯಿ: ಮೂರು ಹದಿನೆಂಟು, ಅಮ್ಮಾವ್ರೇ.

ತೊಕುಜಿ: ಹದಿನೇಳು.

ಸುಮಿಯೆ: ಹದಿನೇಳೇ ಇರ್ಲಿ, ನನ್ನ ಹದಿನೇಳು ನಿಮಿಷ ನುಂಗಿದ್ರಲ್ಲ! ಮುಕಾಯಿ ಅವ್ರೇ, ನೀವೇ ನ್ಯಾಯ ಹೇಳಿ. ಹದಿನೈದು ವರ್ಷದ ಹುಡುಗಿ ಈ ಊರಿಗೆ ನೇಯೋಕೆ ಬಂದೆ. ಐದು ವರ್ಷ ಒಂದೇ ಮನೇಲಿ ಮಗ್ಗದ ಮುಂದೆ ಕೂತಿದ್ದೆ. ಮದುವೆ ಆಗಿ ಹೋದವಳು ತಿರುಗಿ ಬಂದೇ ಇಲ್ಲ. ನನ್ನ ಜೊತೆ ನೇಯ್ತಿದ್ದ ಫುಸಾಯೆ ಮೊನ್ನೆ ಕಾಗದ ಹಾಕಿದ್ಲು, ಆ ಮನೆ ಈ ಚಳಿಗಾಲದಲ್ಲೇ ಕೆಡವ್ತಾರಂತೆ. ಮುಂದಿನ ತಿಂಗಳು ನನಗೆ ಮಂಡಿ ಆಪರೇಷನ್ನು. ಇವತ್ತು ನೋಡಿದ್ರೆ ಉಂಟು, ಇಲ್ಲದಿದ್ರೆ ಇಲ್ಲ.

ತೊಕುಜಿ: ನಾನು ಬೇಡ ಅಂದ್ನಾ? ಇನ್ನು ಎರಡೇ ಕಲ್ಲು. ಇಪ್ಪತ್ತೆರಡು, ಇಪ್ಪತ್ಮೂರು. ಆಮೇಲೆ ಎಲ್ಲಿ ಬೇಕಾದ್ರೂ ಹೋಗು.

ಸುಮಿಯೆ: ಆಮೇಲೆ ಅಂದ್ರೆ ನಾಲ್ಕು ಗಂಟೆ ಆದ್ಮೇಲಾ? ಕಾರು ಬಿಟ್ಟು ಈ ಮಂಡೀಲಿ ನಡ್ಕೊಂಡಾ?

ಮುಕಾಯಿ: ಅಮ್ಮಾವ್ರೇ, ಮನೆ ಇರೋದು ಎಲ್ಲಿ ಅಂತ...

ಸುಮಿಯೆ: ವಿಳಾಸ ಯಾರಿಗೆ ಗೊತ್ತಪ್ಪ? ಸೆನ್‌ಬೊನ್ ಬೀದಿಯಿಂದ ಒಳಗೆ. ಊರವರೆಲ್ಲ ಹೋಗೋ ಸ್ನಾನದ ಮನೆ ಚಿಮಣಿ ದಾಟಿ, ತೋಫು ಅಂಗಡಿ ಮೂಲೇಲಿ ತಿರುಗಿ, ಮೂರನೇ ಓಣಿ. ಮಸುಯಾ ಅಂತ ನೇಕಾರರ ಮನೆ.

ಮುಕಾಯಿಯ ಕೈ ಗೇರಿನ ಮೇಲೆ ಹಾಗೇ ನಿಂತಿತು. ಮಸುಯಾ! ಮೆಲ್ಲಗೆ ಕತ್ತು ತಿರುಗಿಸಿ, ಕಾರು ಹತ್ತಿ ಕೂತಿದ್ದ ತೊಕುಜಿ ತೊಡೆಯ ಮೇಲೆ ಹರಡಿಕೊಂಡಿದ್ದ ಪಟ್ಟಿ ನೋಡಿದ. ಇಪ್ಪತ್ತೆರಡು: ‘ವೀರ ಹಾತಾನೊ ಗೆನ್ನೊಸುಕೆ ಮೂರು ರಾತ್ರಿ ಅಡಗಿದ್ದ ಸ್ಥಳ.’ ಆ ಕಲ್ಲು ಅವನಿಗೆ ಚೆನ್ನಾಗಿ ಗೊತ್ತು. ಇಪ್ಪತ್ತು ವರ್ಷದ ಹಿಂದೆ ಅದನ್ನು ನೆಟ್ಟ ದಿನ ನೋಡಲು ಹೋಗಿದ್ದವನು ಅವನು. ಮಸುಯಾ ಮನೆಯ ಮುಂಬಾಗಿಲಿಗೆ ಅಂಟಿಕೊಂಡು, ಗ್ಯಾಸ್ ಮೀಟರಿಗೂ ಒಂದು ಹೂಕುಂಡಕ್ಕೂ ನಡುವೆ ಅದು ನಿಂತಿದೆ.

ಮುಕಾಯಿ: ಯಜಮಾನ್ರೇ, ಅಮ್ಮಾವ್ರೇ, ಒಂದೇ ಒಂದು ಮಾತು. ಈ ಇಪ್ಪತ್ತೆರಡನೇ ಕಲ್ಲು ಇದೆಯಲ್ಲ...

ಸುಮಿಯೆ: ಕಲ್ಲಿನ ಹೆಸರೆತ್ತಬೇಡಿ!

ಮುಕಾಯಿ: ಅಲ್ಲ, ಅಮ್ಮಾವ್ರ ಆ ಮನೆ ಇದೆಯಲ್ಲ...

ತೊಕುಜಿ: ಕಾರು ಗೊತ್ತು ಮಾಡಿದ್ದು ಯಾರು? ನಾನು. ಮನೆ ಸುದ್ದಿ ಆಮೇಲೆ.

ಮುಕಾಯಿ: ಅದನ್ನೇ ಹೇಳೋಕೆ ಹೊರಟೆ. ಎರಡೂ...

ಇಬ್ಬರೂ ಒಟ್ಟಿಗೆ: ನೀವು ಸುಮ್ನೆ ಗಾಡಿ ಓಡಿಸ್ರಿ!

ಮುಕಾಯಿ ಸುಮ್ಮನೆ ಗಾಡಿ ಓಡಿಸಿದ. ಹೊರಿಕಾವಾ ಬೀದಿಯಲ್ಲಿ ಉತ್ತರಕ್ಕೆ ಹೋಗಿ ಎಡಕ್ಕೆ ದೀಪ ಹಾಕಿದ.

ತೊಕುಜಿ: ಶಹಬ್ಬಾಸ್! ಇದು ಇಪ್ಪತ್ತೆರಡಕ್ಕೆ ಹೋಗೋ ದಾರಿ. ಕೆಲಸ ಗೊತ್ತಿರೋ ಮನುಷ್ಯ ನೀವು.

ಸುಮಿಯೆ: ಓಹೋ! ಗಂಡಸರೆಲ್ಲ ಒಂದೇ ಪಕ್ಷ. ನ್ಯಾಯ ಹೇಳಿ ಅಂತ ನಿಮ್ಮನ್ನ ಕೇಳಿದ್ನಲ್ಲ, ನನಗೆ ಬುದ್ಧಿ ಇಲ್ಲ.

ಮುಕಾಯಿ: ಅಮ್ಮಾವ್ರೇ, ಇದು ನಿಮ್ಮ ಮನೆಗೂ ದಾರೀನೇ.

ತೊಕುಜಿ: ಏನು? ಅವಳ ಮನೆ ದಾರಿಯಾ? ನನಗೆ ತಿಳೀದ ಹಾಗೆ ಆ ಕಡೆ ತಿರುಗಿಸಿದ್ರಾ? ಬಲಕ್ಕೆ! ಬಲಕ್ಕೆ ತಿರುಗಿಸಿ!

ಸುಮಿಯೆ: ಎಡಕ್ಕೇ ಇರ್ಲಿ! ನನ್ನ ಮನೆ ದಾರಿ ಅಂದ್ರಲ್ಲ!

ಮುಕಾಯಿ ಬಲಕ್ಕೆ ದೀಪ ಹಾಕಿದ, ಎಡಕ್ಕೆ ಹಾಕಿದ, ಎರಡನ್ನೂ ಆರಿಸಿದ. ಕಾರು ನೇರ ಹೋಯಿತು. ನೇಕಾರರ ಕೇರಿ ನಿಶಿಜಿನ್ ಕಡೆಯ ಓಣಿಗಳೆಲ್ಲ ಏಕಮುಖ ಸಂಚಾರದವು. ಅಲ್ಲಿ ಎರಡು ಸೈಕಲ್ ಎದುರಾದರೆ ಒಬ್ಬರು ಇಳಿದು ಕ್ಷಮೆ ಕೇಳಬೇಕು. ಒಮ್ಮೆ ದಾರಿ ತಪ್ಪಿದರೆ ಇಡೀ ಬೀದಿ ಸುತ್ತಿ ಬರಬೇಕು. ಸುತ್ತಿ ಬಂದ.

ತೊಕುಜಿ: ಈಗ ಒಳಗೆ ಬಿಡಿ. ಆ ಚಿಮಣಿ ಪಕ್ಕದಲ್ಲೇ ನನ್ನ ಕಲ್ಲು.

ಸುಮಿಯೆ: ಕಲ್ಲಿಗಾದ್ರೆ ಒಳಗೆ ಬಿಡಬೇಡಿ! ರೀ, ತಾಳಿ, ಆ ಚಿಮಣಿ... ಆ ಚಿಮಣಿ ನಂದು!

ತೊಕುಜಿ: ಚಿಮಣಿ ನಿಂದು ಹೇಗಾಗುತ್ತೆ? ನನ್ನ ಪಟ್ಟೀಲಿ ಗುರುತು ಹಾಕಿದೆ!

ಸುಮಿಯೆ: ವಾರಕ್ಕೆರಡು ಸಲ ಅದರ ಕೆಳಗೆ ಸ್ನಾನ ಮಾಡಿದ್ದು ನಾನು! ನಿಮ್ಮ ಪಟ್ಟಿ ಮಾಡಿತ್ತಾ?

ಅಷ್ಟರಲ್ಲಿ ಕಾರು ಓಣಿಯ ಬಾಯಿ ದಾಟಿ ಮುಂದೆ ಹೋಗಿತ್ತು. ಎರಡನೇ ಸುತ್ತು. ಮೂರನೇ ಸುತ್ತಿಗೆ ತೋಫು ಅಂಗಡಿಯ ಮುದುಕ ಇವರನ್ನು ಕಂಡು ಬಾಗಿ ನಮಸ್ಕಾರ ಮಾಡಿದ. ಊರವರ ಮರ್ಯಾದೆ; ಎರಡು ಸಲ ನೋಡಿದ ಮುಖಕ್ಕೆ ಮೂರನೇ ಸಲ ಬಾಗದಿದ್ದರೆ ಹೇಗೆ? ಕಾರಿನೊಳಗಿಂದ ಮೂವರೂ ಬಾಗಿದರು. ಬಾಗಿ ಎದ್ದು ಮತ್ತೆ ಜಗಳ ಆಡಿದರು.

ಸುಮಿಯೆ: ನಲವತ್ತಾರು ವರ್ಷ ನಿಮ್ಮ ಜೊತೆ ಬಾಳಿದೀನಿ. ಯಾವ ಸೇನಾಪತಿ ಯಾವ ಬೀದೀಲಿ ಮಲಗಿದ್ದ ಅಂತ ನಿಮಗೆ ಬಾಯಿಪಾಠ. ನಿಮ್ಮ ಹೆಂಡ್ತಿ ಎಲ್ಲಿ ಮಲಗಿದ್ಲು ಅಂತ ಒಂದು ಸಲ ಕೇಳಿದೀರಾ?

ತೊಕುಜಿ: ನೀನು ಹೇಳ್ಲಿಲ್ಲ!

ಸುಮಿಯೆ: ಸೇನಾಪತಿ ಬಂದು ಹೇಳಿದ್ನಾ? ಲೈಬ್ರರಿಗೆ ಹೋಗಿ ಹುಡುಕಿದ್ರಲ್ಲ!

ತೊಕುಜಿ ಗಡಿಯಾರ ನೋಡಿದರು. ಜಗಳ ಕೈತಪ್ಪಿದಾಗ ಗಡಿಯಾರ ನೋಡುವುದು ಸ್ಟೇಷನ್ ಮಾಸ್ಟರರಿಗೆ ಇರುವ ಒಂದೇ ಅನುಕೂಲ.

ತೊಕುಜಿ: ಮೂರು ಮೂವತ್ತಾರು. ಇದೇ ಕೊನೆ ಮಾತು. ಮೊದಲು ಕಲ್ಲು.

ಸುಮಿಯೆ: ಮೊದಲು ಮನೆ!

ತೊಕುಜಿ: ಕಲ್ಲು!

ಸುಮಿಯೆ: ಮನೆ!

ಮೂವತ್ತೊಂದು ವರ್ಷದ ಸಂಯಮ ನಾಲ್ಕನೇ ಸುತ್ತಿನಲ್ಲಿ ಮುರಿದುಬಿತ್ತು. ಮುಕಾಯಿ ಯಾರ ಮಾತನ್ನೂ ಕೇಳದೆ ಓಣಿಯೊಳಗೆ ಕಾರು ನುಗ್ಗಿಸಿದ. ಬ್ರೇಕ್ ಒತ್ತಿ, ತನ್ನ ಸೀಟಿನ ಪಕ್ಕದ ಹಿಡಿ ಎಳೆದ. ಹಿಂದಿನ ಬಾಗಿಲು ತಾನಾಗಿ ತೆರೆದುಕೊಂಡಿತು.

ಮುಕಾಯಿ: ಇಳೀರಿ! ಇಬ್ರೂ ಇಳೀರಿ! ಯಜಮಾನ್ರೇ, ನಿಮ್ಮ ಕಲ್ಲು ಬಂತು. ಅಮ್ಮಾವ್ರೇ, ನಿಮ್ಮ ಮನೆ ಬಂತು. ಎರಡೂ ಒಂದೇ! ಇಪ್ಪತ್ತು ನಿಮಿಷದಿಂದ ಇದೊಂದು ಮಾತು ಗಂಟಲಲ್ಲಿ ಇಟ್ಕೊಂಡು ನಿಶಿಜಿನ್‌ಗೆ ಪ್ರದಕ್ಷಿಣೆ ಹಾಕ್ತಿದೀನಿ!

ಹೇಳಿದ ಮೇಲೆ ತಾನು ಗಿರಾಕಿಗಳ ಮೇಲೆ ಕೂಗಿದೆ ಎಂಬುದು ಹೊಳೆದು, ಇಳಿದು ಸೊಂಟ ಬಗ್ಗಿಸಿ ಎರಡು ಸಲ ಕ್ಷಮೆ ಕೇಳಿದ. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ಸುಮಿಯೆ ಕಂದು ಮರದ ಸರಳುಗಳ ಆ ಮನೆಯ ಮುಂದೆ ನಿಂತಿದ್ದರು. ಬಾಗಿಲಿಗೆ ಕೆಡವುವ ನೋಟೀಸು ಅಂಟಿಸಿತ್ತು. ತೊಕುಜಿ ಅಭ್ಯಾಸಬಲದಿಂದ ಬೆರಳು ಚಾಚಿದರು. ‘ಕಲ್ಲು’ ಅಂದರು. ‘ಸರಿ’ ಬರಲಿಲ್ಲ, ಬೆರಳು ಹಾಗೇ ಗಾಳಿಯಲ್ಲಿ ನಿಂತಿತು.

ಸುಮಿಯೆ: ಇದೇನ್ರೀ ಇದು? ನಾನಿದ್ದಾಗ ಇರ್ಲಿಲ್ಲ. ಏನು ಬರೆದಿದೆ?

ತೊಕುಜಿ: ಗೆನ್ನೊಸುಕೆ ಮೂರು ರಾತ್ರಿ ಅಡಗಿದ್ದ ಸ್ಥಳ.

ಸುಮಿಯೆ: ಮೂರು ರಾತ್ರಿಗೆ ಕಲ್ಲಾ?

ತೊಕುಜಿ: ಅವನು ಚರಿತ್ರೆಯ ಪುರುಷ ಕಣೇ.

ಸುಮಿಯೆ: ಏನು ಮಾಡ್ದ?

ತೊಕುಜಿ: ಅಡಗಿದ್ದ.

ಸುಮಿಯೆ: ಆಮೇಲೆ?

ತೊಕುಜಿ: ಓಡಿಹೋದ.

ಸುಮಿಯೆ: ಎಲ್ಲಿಗೆ?

ತೊಕುಜಿ: ಇಪ್ಪತ್ಮೂರನೇ ಕಲ್ಲಿಗೆ.

ಮುಕಾಯಿ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದ. ನಗು ಇಳಿದಂತೆ ಒಂದು ನೆನಪು ಮೇಲೆ ಬಂತು. ಇದೇ ಕಲ್ಲಿನ ಮುಂದೆ ನಿಂತು ಅವನು ನೂರಾರು ಸಲ ಆ ಮೂರು ರಾತ್ರಿಗಳ ಕಥೆ ಹೇಳಿದ್ದ. ಕೇಳಿದವರು ಕರ್ಚೀಫು ತೆಗೆಯುವಂತೆ ಹೇಳಿದ್ದ. ಕಲ್ಲಿನ ಹಿಂದಿನ ಮನೆಯೊಳಗೆ ಮಗ್ಗದ ಮುಂದೆ ಕೂತು ಕೈ ಒರಟಾದವರ ಬಗ್ಗೆ ಅವನ ಕಥೆಯಲ್ಲಿ ಒಂದು ಸಾಲೂ ಇರಲಿಲ್ಲ. ಯಾರೂ ಕೇಳಿರಲಿಲ್ಲ, ನಿಜ. ಅವನಾದರೂ ಯಾಕೆ ಹೇಳಲಿಲ್ಲ?

ಮುಕಾಯಿ: ಅಮ್ಮಾವ್ರೇ, ಎಷ್ಟು ಜನ ಇದ್ರಿ ಇಲ್ಲಿ?

ಸುಮಿಯೆ: ಎಂಟು ಹುಡುಗೀರು. ಕೆಳಗೆ ಮಗ್ಗ, ಅಟ್ಟದ ಮೇಲೆ ಹಾಸಿಗೆ. ಮದುವಣಗಿತ್ತೀರ ಕಿಮೊನೊಗೆ ಸುತ್ತೋ ಬಂಗಾರದ ಎಳೆಯ ಸೊಂಟಪಟ್ಟಿ ನೇಯ್ತಿದ್ವಿ. ದಿನಕ್ಕೆ ಒಂದು ಗೇಣು ಬೆಳೆದ್ರೆ ಹೆಚ್ಚು. ಇಡೀ ದೇಶದ ಹುಡುಗೀರು ನಮ್ಮ ಪಟ್ಟಿ ಕಟ್ಕೊಂಡು ಮದುವೆ ಆದ್ರು. ನನ್ನ ಮದುವೇಗೆ ಬಾಡಿಗೆ ಪಟ್ಟಿ. ನೆನಪಿದೆಯಾ, ರೀ?

ತೊಕುಜಿ: ಚೆನ್ನಾಗೇ ಕಾಣ್ತಿದ್ದೆ.

ಸುಮಿಯೆ: ಸಂಜೆ ಐದಕ್ಕೆ ವಾಪಸ್ ಕೊಡಬೇಕು ಅಂತ ಊಟದ ಮಧ್ಯೆ ಬಿಚ್ಚಿಸಿದವರು ಯಾರು?

ತೊಕುಜಿ: ಹೊತ್ತು ಅಂದ್ರೆ ಹೊತ್ತು. ಅದಿರ್ಲಿ, ಸುಮಿಯೆ... ನೀನು ಮಲಗ್ತಿದ್ದಿದ್ದು ಎಲ್ಲಿ?

ಸುಮಿಯೆ ಗಂಡನ ಕಡೆ ತಿರುಗಿ ನೋಡಿದರು. ನಲವತ್ತಾರು ವರ್ಷ ತಡವಾಗಿ ಬಂದ ರೈಲನ್ನು ಪ್ಲಾಟ್‌ಫಾರ್ಮಿನ ಮೇಲೆ ಕಾದು ನಿಂತವರು ನೋಡುವ ಹಾಗೆ.

ಸುಮಿಯೆ: ಅಗೋ, ಮೇಲೆ. ಉತ್ತರದ ಮೂಲೆ ಕಿಟಕಿ ಕಾಣುತ್ತಲ್ಲ, ಅದರ ಕೆಳಗೆ.

ಮುಕಾಯಿ: ಉತ್ತರದ ಮೂಲೆಯಾ? ಅಮ್ಮಾವ್ರೇ, ನೂರೈವತ್ತು ವರ್ಷದ ಹಿಂದೆ ಇದೇ ಮನೇಲಿ ಗೆನ್ನೊಸುಕೆ ಮಲಗಿದ್ದೂ ಅಲ್ಲೇ ಅಂತ ಹೇಳ್ತಾರೆ!

ತೊಕುಜಿ: ಅದೇ ಜಾಗಾನಾ? ಅದೇ ಮೂಲೇನಾ? ಅಬ್ಬಾ! ಸುಮಿಯೆ, ಒಬ್ಬ ವೀರ ಮಲಗಿದ್ದ ಜಾಗದಲ್ಲಿ ನೀನು ಐದು ವರ್ಷ ಮಲಗಿದೀಯ! ಗೊತ್ತಿತ್ತಾ ನಿನಗೆ?

ಸುಮಿಯೆ: ಯಾರೋ ವೀರ ಮಲಗಿದ್ದ ಅಂತ ಚೆನ್ನಾಗಿ ಗೊತ್ತಿತ್ತು, ಅವನು ಇವನೇ ಅಂತ ಗೊತ್ತಿರ್ಲಿಲ್ಲ. ಯಜಮಾನಮ್ಮ ಬಂದವರಿಗೆಲ್ಲ ನನ್ನ ಹಾಸಿಗೆ ಎತ್ತಿಸಿ ತೋರಿಸ್ತಿದ್ರು. ಸರಿಯಾಗಿ ಆ ಮೂಲೇಲಿ ಸೂರಿನ ಹೆಂಚು ಬಿರುಕು ಬಿಟ್ಟಿತ್ತು. ಜನವರೀಲಿ ನಿದ್ದೆ ಮಾಡ್ತಿದ್ರೆ ಹಿಮ ಬಂದು ಕಿವಿ ಒಳಗೆ ಬೀಳ್ತಿತ್ತು. ಮೇಲಿಂದ ಇಲಿ ಬೇರೆ ಇಣುಕಿ ನೋಡೋದು.

ತೊಕುಜಿ: ಗೆನ್ನೊಸುಕೆ ಇದ್ದಿದ್ದೂ ಜನವರೀಲೇ. ಪುಸ್ತಕದಲ್ಲಿದೆ. ನಾಲ್ಕನೇ ದಿನ ಬೆಳಗಾಗೋ ಮುಂಚೆ ಹೊರಟುಬಿಟ್ಟ. ಯಾಕೆ ಅಂತ ಇವತ್ತಿನವರೆಗೂ ಯಾವ ವಿದ್ವಾಂಸರಿಗೂ ತಿಳಿದಿಲ್ಲ. ಶತ್ರುಗಳು ಬಂದಿರ್ಲಿಲ್ಲ, ಸುಳಿವೂ ಸಿಕ್ಕಿರ್ಲಿಲ್ಲ...

ಸುಮಿಯೆ: ಇದಕ್ಕೆ ವಿದ್ವಾಂಸರು ಯಾಕ್ರೀ? ಆ ಮೂಲೇಲಿ ನಾಲ್ಕನೇ ರಾತ್ರಿ ಮಲಗೋಕೆ ಧೈರ್ಯ ಬೇಕು. ಆ ವೀರನಿಗೆ ಅಷ್ಟು ಇರ್ಲಿಲ್ಲ.