ಕಡಲಮೀನಿಗೆ ಮೈಲುತುತ್ತ

ಈ ಸಂಗತಿಯನ್ನು ಬರೆಯಬೇಕು ಎಂದುಕೊಂಡೇ ಎಷ್ಟೋ ಮಳೆಗಾಲಗಳು ಕಳೆದುಹೋದವು. ಮಳೆಗಾಲದಲ್ಲಿ ಕರೆಂಟಿರುವುದಿಲ್ಲ, ಬೇಸಗೆಯಲ್ಲಿ ಬರೆದರಾಯಿತು ಎನ್ನುತ್ತೇನೆ. ಬೇಸಗೆಯಲ್ಲಿ ನೆಂಟರು ಬರುತ್ತಾರೆ, ಮಳೆ ಹಿಡಿಯಲಿ ಎನ್ನುತ್ತೇನೆ. ಹಲ್ಲುನೋವಿನವನಿಗೆ ಡಾಕ್ಟರ ಮೆಟ್ಟಿಲು ಹತ್ತುವಾಗ ನೋವೇ ಮಾಯವಾಗುವುದುಂಟಲ್ಲ, ಹಾಗೆ ನನಗೂ ಪೆನ್ನಿನ ಟೋಪಿ ತೆಗೆದ ಕೂಡಲೇ ಇದು ಅಂಥ ದೊಡ್ಡ ವಿಷಯವೇನಲ್ಲ ಎನಿಸಿಬಿಡುತ್ತದೆ. ದೊಡ್ಡ ತಪ್ಪು ಮಾಡಿದವರಿಗೆ ಒಂದು ಅನುಕೂಲವಿದೆ, ಪೊಲೀಸರೇ ಹುಡುಕಿಕೊಂಡು ಬರುತ್ತಾರೆ. ಮೀನು ಕೊಂದವನನ್ನು ಯಾರು ಕೇಳುತ್ತಾರೆ? ಘಟ್ಟ ಇಳಿದರೆ ಅದೊಂದು ಉದ್ಯೋಗ. ಹಾಗಾಗಿ ನನ್ನ ಕೇಸಿನಲ್ಲಿ ಪೊಲೀಸು, ವಕೀಲ, ಜಡ್ಜು ಎಲ್ಲ ನಾನೇ ಆಗಬೇಕಾಗಿ ಬಂದಿದೆ. ಮೂವರಿಗೂ ವಾಯಿದೆ ಕೇಳುವ ಚಟ.

ಆಗ ನಾನು ಶೃಂಗೇರಿಯ ಒಂದು ಲಾಡ್ಜಿನಲ್ಲಿ ಮ್ಯಾನೇಜರ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಮೇಜಿನ ಹಿಂದೆ ಕುಳಿತವನನ್ನು ಎಷ್ಟು ಓದಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ರೂಮಿದೆಯಾ, ಬಿಸಿನೀರು ಬರುತ್ತದಾ ಎಂದು ಕೇಳುತ್ತಾರೆ. ಈ ಎರಡಕ್ಕೂ ಉತ್ತರ ಗೊತ್ತಿದ್ದರೆ ಜೀವನಪೂರ್ತಿ ವಿದ್ವಾಂಸನಾಗಿ ಉಳಿಯಬಹುದು, ನಾನು ಉಳಿದಿದ್ದೆ. ನಮ್ಮ ಯಜಮಾನರು ನರಸಿಂಹರಾಜಪುರದ ಕಡೆಯವರು. ಮರದ ವ್ಯಾಪಾರದಲ್ಲಿ ಮೇಲೆ ಬಂದವರು. ಒಮ್ಮೆ ಮುಂಬಯಿಗೆ ಹೋಗಿ ಅಲ್ಲಿ ಯಾವುದೋ ದೊಡ್ಡ ಹೋಟೆಲಿನಲ್ಲಿ ಗೋಡೆಯುದ್ದದ ಗಾಜಿನ ತೊಟ್ಟಿಯಲ್ಲಿ ಕಡಲಮೀನು ಈಜುವುದನ್ನು ನೋಡಿ ಬಂದರು. ಬಂದವರು ಚಪ್ಪಲಿ ಬಿಡುವ ಮೊದಲೇ, "ನಮ್ಮಲ್ಲೂ ಒಂದು ಇಡ್ಬೇಕು ಮಾರಾಯ. ತುಂಗೆ ಮೀನು ಎಲ್ಲರೂ ನೋಡ್ತಾರೆ. ಸಮುದ್ರದ್ದು ನಾವು ತೋರ್ಸಾಣ" ಎಂದರು.

ಮಂಗಳೂರಿನಿಂದ ಮೀನಿನ ಅಂಗಡಿಯವರೊಬ್ಬರು ಬಂದು ನಮ್ಮ ಕೌಂಟರಿನ ಪಕ್ಕದಲ್ಲೇ ಆಳೆತ್ತರದ ತೊಟ್ಟಿಯೊಂದನ್ನು ಕೂರಿಸಿಕೊಟ್ಟರು. ಒಳಗೆ ಮರಳು, ತೂತು ತೂತು ಕಲ್ಲು, ನೊರೆ ತೆಗೆಯುವ ಯಂತ್ರ, ನೀಲಿ ಬಲ್ಬು. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಜೋಡಿ, ತಟ್ಟೆಯಂತೆ ಚಪ್ಪಟೆಯಾದ ಹಳದಿ ಮೀನು, ಕೆಂಪು ಸೀಗಡಿಗಳು, ಜೊತೆಗೆ ಹೂವಿನ ಹಾಗೆ ಅರಳಿ ಮುದುಡುವ ಒಂದು ಪ್ರಾಣಿ. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು, ನಾವು ಕಡಲಹೂವು ಎಂದೆವು. ನೀರು ಬದಲಿಸಲು ಉಪ್ಪುನೀರೇ ಬೇಕು. ಅದು ಮಲ್ಪೆಯಿಂದ ಕ್ಯಾನುಗಳಲ್ಲಿ ಆಗುಂಬೆ ಘಾಟಿ ಹತ್ತಿ ಬಸ್ಸಿನ ಟಾಪಿನಲ್ಲಿ ಬರುತ್ತಿತ್ತು. ಕ್ಯಾನು ಇಳಿಸಿಕೊಡುವಾಗ ಕಂಡಕ್ಟರು ಪ್ರತಿಸಲ ಒಂದೇ ಮಾತು ಹೇಳುತ್ತಿದ್ದ: "ಹೊಳೆ ಕಾಲಬುಡದಲ್ಲಿ ಹರೀತದೆ, ಇವ್ರು ಘಟ್ಟದ ಕೆಳಗಿಂದ ನೀರು ಹೊರಿಸ್ತಾರೆ. ನಾಳೆ ಗಾಳಿನೂ ಅಲ್ಲಿಂದ್ಲೇ ತರ್ಸಿ ಮ್ಯಾನೇಜರ್ರೆ."

ಶೃಂಗೇರಿಗೆ ಬಂದವರು ಹೊಳೆಯ ಮೀನಿಗೆ ಮಂಡಕ್ಕಿ ಹಾಕದೆ ಹೋಗುವುದಿಲ್ಲ. ಹಾಕಿ ಉಳಿದದ್ದನ್ನು ನಮ್ಮ ತೊಟ್ಟಿಗೂ ಹಾಕತೊಡಗಿದರು. ಕೆಲವರು ಕೈ ಮುಗಿದರು. ಒಬ್ಬರು ಗಾಜಿಗೆ ಕುಂಕುಮ ಹಚ್ಚಿದರು. ಇದನ್ನೆಲ್ಲ ತಡೆಯುವ ಕೆಲಸ ಕೌಂಟರಿನ ಅಕ್ಕನದು. ಕೊಪ್ಪದಿಂದ ಬೆಳಗಿನ ಬಸ್ಸಿಗೆ ಬಂದು ಕೀ ಕೊಡುವುದು, ತೆಗೆದುಕೊಳ್ಳುವುದು, ಫೋನು ಎತ್ತುವುದು ಅವರ ಕೆಲಸ. ನನಗಿಂತ ನಾಲ್ಕಾರು ವರ್ಷ ಚಿಕ್ಕವರಾದರೂ ಯಜಮಾನರಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ಅವರು ಅಕ್ಕ. ಗಂಡ ತೀರಿಕೊಂಡಿದ್ದರು, ಮಗಳ ಮದುವೆಯಾಗಿತ್ತು. ಮೀನುಗಳ ಜೊತೆ ಅವರು ಪಕ್ಕದ ಮನೆಯವರ ಜೊತೆ ಮಾತಾಡುವಂತೆ ಮಾತಾಡುತ್ತಿದ್ದರು. "ಎಂತ, ಇವತ್ತು ಮುಖ ಸಣ್ಣ ಮಾಡ್ಕಂಡಿದೀಯಲ್ಲ" ಎಂದು ಹಳದಿ ಮೀನನ್ನು ವಿಚಾರಿಸುವುದು ಕೇಳಿ ರೂಮು ಕೇಳಲು ಬಂದವರು ತಮಗೇ ಹೇಳಿದ್ದೆಂದು ಗಾಬರಿಯಾದದ್ದಿದೆ. ಅವರಿಗೆ ಇನ್ನೊಂದು ಹೆಸರೂ ಇತ್ತು, ಕೈಗುಣದವರು ಎಂದು. ಊರಿನ ಮಕ್ಕಳು ರಚ್ಚೆ ಹಿಡಿದರೆ ತಾಯಂದಿರು ಎತ್ತಿಕೊಂಡು ಬರುತ್ತಿದ್ದರು. ಅಕ್ಕ ಮುಷ್ಟಿಯಲ್ಲಿ ಉಪ್ಪು, ಒಣಮೆಣಸು ಹಿಡಿದು ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದರು. ಮಗು ಅಲ್ಲೇ ನಿದ್ದೆ ಹೋಗುತ್ತಿತ್ತು. ಅತ್ತು ಸುಸ್ತಾದ ಮಗು ಇನ್ನೇನು ಮಾಡೀತು ಎಂದು ನಾನು ಅಂದುಕೊಳ್ಳುತ್ತಿದ್ದೆ.

ರೋಗ ಬಂದದ್ದು ನನ್ನಿಂದ. ನವರಾತ್ರಿಗೆ ಮುಂಚೆ ಯಜಮಾನರ ಬೀಗರು ಬರುವವರಿದ್ದರು. ತೊಟ್ಟಿ ಇನ್ನಷ್ಟು ಕಳೆಗಟ್ಟಲಿ ಎಂದು ನಾನೇ ಮಂಗಳೂರಿಗೆ ಹೋಗಿ ಒಂದು ನೀಲಿ ಮೀನು ತಂದೆ. ಹೊಸ ಮೀನನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿ, ರೋಗವಿಲ್ಲ ಎಂದಾದ ಮೇಲೆ ಬಿಡಿ ಎಂದು ಅಂಗಡಿಯವರು ಹೇಳಿದ್ದರು. ಮದುಮಗಳನ್ನು ಕರೆತಂದು ಕೊಟ್ಟಿಗೆಯಲ್ಲಿ ಇರಿಸುತ್ತಾರೆಯೇ? ನಾನು ಬಸ್ಸಿಳಿದವನು ನೇರವಾಗಿ ತೊಟ್ಟಿಗೇ ಬಿಟ್ಟೆ. ಬೀಗರು ಬಂದರು, ಮೆಚ್ಚಿದರು, ಹೋದರು. ಅವರು ಹೋದ ಮೇಲೆ ಮೀನುಗಳು ಕಲ್ಲಿಗೆ ಮೈ ಉಜ್ಜತೊಡಗಿದವು. ಆಮೇಲೆ ಮೈಮೇಲೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು ಕಂಡವು. ಮಂಡಕ್ಕಿಯ ಪುಡಿ ಅಂಟಿರಬೇಕು, ಹೋಗದಿದ್ದರೆ ಮಂಗಳೂರಿಗೆ ಫೋನು ಮಾಡಿದರಾಯಿತು ಎಂದು ನಾನು ತೀರ್ಮಾನ ಕೊಟ್ಟೆ.

"ಮಂಡಕ್ಕಿಯಲ್ಲ, ದೃಷ್ಟಿ" ಎಂದರು ಅಕ್ಕ. "ಬೀಗಿತ್ತಿ ನೋಡಿದ್ದು ನಾನು ನೋಡಿದೀನಿ. ಕಣ್ಣಲ್ಲೇ ಹುರಿದು ತಿನ್ನೋ ಹಂಗೆ ನೋಡ್ತಿದ್ರು."

"ಉಪ್ಪುನೀರಲ್ಲೇ ಇರೋ ಮೀನಿಗೆ ಉಪ್ಪು ನಿವಾಳಿಸ್ತೀರಾ?" ಎಂದು ನಕ್ಕೆ.

"ಅದು ಕುಡಿಯೋ ಉಪ್ಪು, ಇದು ತೆಗೆಯೋ ಉಪ್ಪು. ನಿಮಗೆ ಗೊತ್ತಾಗ್ದಿದ್ರೆ ಸುಮ್ನೆ ಕೂತ್ಕಳಿ ಮಾರಾಯ್ರೆ" ಎಂದು ಮುಷ್ಟಿ ಕಟ್ಟಿ ತೊಟ್ಟಿಯ ಮುಂದೆ ನಿವಾಳಿಸಿ, ಹಿತ್ತಲಿನ ಹಂಡೆಯ ಒಲೆಗೆ ಹಾಕಿಬಂದರು. ಮೆಣಸು ಘಾಟು ಬರಲಿಲ್ಲ, ದೃಷ್ಟಿ ಬಲವಾಗಿಯೇ ಇತ್ತು ಎಂದರು. ಮರುದಿನ ನೋಡಿದರೆ ಚುಕ್ಕೆಗಳು ಹೆಚ್ಚುಕಡಿಮೆ ಮಾಯ!

ಅಂದು ಲಾಡ್ಜಿನಲ್ಲಿ ಅಕ್ಕನಿಗೆ ನಡೆದ ಮರ್ಯಾದೆಯನ್ನು ಹೇಳಿ ಮುಗಿಯದು. ಯಜಮಾನರು ಬಂದು, "ನೋಡು, ನೀನು ಮಂಗಳೂರಿಗೆ ಫೋನು ಮಾಡ್ಬೇಕು ಅಂತಿದ್ದೆ. ಅಕ್ಕ ಒಂದು ಮುಷ್ಟಿಯಲ್ಲಿ ಮುಗಿಸಿದ್ಲು" ಎಂದರು. ಅಡುಗೆಯವನು ಅಕ್ಕನ ಕಾಫಿಗೆ ಕೇಳದೆಯೇ ಗಟ್ಟಿ ಹಾಲು ಹಾಕಿದ. ನನ್ನ ಕಾಫಿ ಎಂದಿನಂತೆಯೇ ಇತ್ತು. ಮನುಷ್ಯನ ಹೊಟ್ಟೆಕಿಚ್ಚು ಎಂಥ ಸಣ್ಣ ಲೋಟದಲ್ಲಿ ಹಿಡಿಯುತ್ತದೆ ಎಂದು ನನಗೆ ಅಂದು ಗೊತ್ತಾಯಿತು.

ಯಾರಿಗೂ ಹೇಳದೆ ಮಂಗಳೂರಿಗೆ ಫೋನು ಮಾಡಿದೆ.

"ಹೊಸ ಮೀನು ತಗೊಂಡು ಹೋದ್ರಲ್ಲ, ಅದನ್ನು ಬೇರೆ ಇಟ್ಟಿದ್ರಾ?" ಎಂದರು ಅಂಗಡಿಯವರು.

"ಇಟ್ಟಿದ್ದೆ" ಎಂದೆ. ಡಾಕ್ಟರಿಗೆ ಸುಳ್ಳು ಹೇಳುವ ರೋಗಿಗಳಿದ್ದಾರೆ, ರೋಗಿಯ ಪರವಾಗಿ ಸುಳ್ಳು ಹೇಳಿದವನು ನಾನು.

"ಚುಕ್ಕೆ ಹೋಯ್ತು ಅಂತ ಖುಷಿ ಪಡ್ಬೇಡಿ. ಅದು ಚುಕ್ಕೆ ಅಲ್ಲ, ಹುಳ. ಮೀನಿನ ಮೈಯಲ್ಲಿ ತಿಂದು ದಪ್ಪ ಆಗಿ ಕೆಳಗೆ ಬೀಳ್ತದೆ. ಮರಳಲ್ಲಿ ಕೂತು ಒಂದಕ್ಕೆ ನೂರು ಆಗಿ ಪುನಃ ಮೀನು ಹುಡುಕಿಕೊಂಡು ಬರ್ತದೆ. ನೀವು ಮೀನುಗಳನ್ನೆಲ್ಲ ತೆಗೆದು ಬೇರೆ ಡ್ರಮ್ಮಿಗೆ ಹಾಕಿ. ಅಲ್ಲಿ ಕಾಪರ್ ಸಲ್ಫೇಟ್ ಮದ್ದು ಮಾಡುವ. ಅಳತೆ ನಾನು ಬಂದು ನೋಡಿ ಹೇಳ್ತೇನೆ. ದೊಡ್ಡ ತೊಟ್ಟಿಯಲ್ಲಿ ಒಂದೂ ಮೀನು ಇರ್ಲಿಕ್ಕೆ ಇಲ್ಲ, ಒಂದೆರಡು ತಿಂಗಳು. ಮೀನು ಸಿಗದೆ ಹುಳ ಸಾಯ್ತದೆ."

ನಮ್ಮ ಕಾಡಿನ ಇಂಬಳ ರಕ್ತ ಕುಡಿದು ಬಿದ್ದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಈ ಹುಳ ಬಿದ್ದ ಮೇಲೆಯೇ ಸಂಸಾರ ಹೂಡುತ್ತದಂತೆ. ಅಂಗಡಿಯವರು ಹೇಳಿದಂತೆಯೇ ಕೆಲವು ದಿನ ಬಿಟ್ಟು ಚುಕ್ಕೆಗಳು ಮೊದಲಿನ ಹತ್ತುಪಟ್ಟಾಗಿ ಬಂದವು. ನೀಲಿ ಮೀನು ಮೈಗೆ ಸುಣ್ಣ ಸಿಡಿದಂತಾಗಿ ಮೂಲೆ ಹಿಡಿಯಿತು. ನಾನು ಯಜಮಾನರಿಗೆ ಹುಳ, ಡ್ರಮ್ಮು, ಖಾಲಿ ತೊಟ್ಟಿ ಎಲ್ಲ ವಿವರಿಸಿದೆ.

"ನವರಾತ್ರಿ ಜನ ಬರೋ ಹೊತ್ತಿಗೆ ಖಾಲಿ ತೊಟ್ಟಿ ತೋರ್ಸೋದಾ? ಅಕ್ಕನ ಹತ್ರ ಇನ್ನೊಂದ್ಸಲ ನಿವಾಳಿಸ್ಲಿಕ್ಕೆ ಹೇಳು" ಎಂದು ಅವರು ಎದ್ದೇಹೋದರು. ಅಕ್ಕ ಅಂದು ಸಂಜೆ ಕೊಪ್ಪದ ಬಸ್ಸು ಹತ್ತುವ ಮೊದಲು ಇನ್ನೊಂದು ಸಲ ನಿವಾಳಿಸಿದರು. ಈ ಸಲ ಮೆಣಸು ಸ್ವಲ್ಪ ಹೆಚ್ಚು.

ಕಾಪರ್ ಸಲ್ಫೇಟ್ ಎಂದರೆ ನಮ್ಮ ಮೈಲುತುತ್ತ. ಮಲೆನಾಡಿನಲ್ಲಿ ಅದನ್ನು ತಿಳಿಯದವರು ಯಾರು? ಅಡಿಕೆಯ ಕೊಳೆರೋಗಕ್ಕೆ ವರ್ಷವರ್ಷ ಸುಣ್ಣದ ಜೊತೆ ಕಲಸಿ ಹೊಡೆಯುವುದೇ ಅದು. ಅಡಿಕೆಗೆ ಹೊಡೆದು ಮಿಕ್ಕ ಪೊಟ್ಟಣ ಪ್ರತಿಮನೆಯ ಅಟ್ಟದಲ್ಲಿ ಇರುತ್ತದೆ, ನಮ್ಮಲ್ಲೂ ಇತ್ತು. ಔಷಧಿ ಹೊಡೆಯುವ ಕಾಲ ಬಂದರೆ ನಮ್ಮ ಕಡೆ ಪ್ರತಿಯೊಬ್ಬನೂ ವಿಜ್ಞಾನಿಯೇ. ಮರಕ್ಕಾಗುವುದು ಮೀನಿಗೆ ಆಗದೇ? ಡ್ರಮ್ಮು ಯಾಕೆ, ಅಳತೆ ಯಾಕೆ? ಮರುದಿನ ಅಕ್ಕ ಬರುವ ಮೊದಲೇ ಲಾಡ್ಜಿಗೆ ಹೋಗಿ, ಬಕೆಟ್ಟಿನಲ್ಲಿ ಕಣ್ಣಂದಾಜಿನಲ್ಲಿ ಕರಗಿಸಿ ದೊಡ್ಡ ತೊಟ್ಟಿಗೇ ಸುರಿದುಬಿಟ್ಟೆ. ಸುಣ್ಣ ಬೇಡ ಎಂದು ಬಿಟ್ಟದ್ದೊಂದೇ ನಾನು ತೋರಿಸಿದ ವಿವೇಕ. ನೀರಿಗೆ ಸಣ್ಣಗೆ ನೀಲಿ ಬಂತು. ಈಗ ಸಮುದ್ರದ ಹಾಗೇ ಕಾಣ್ತದೆ ಎಂದು ತುಮಕೂರಿನ ಯಾತ್ರಿಕರೊಬ್ಬರು ಮೆಚ್ಚಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಸೀಗಡಿಗಳು ಕಾಲು ಮೇಲಾಗಿ ಬಿದ್ದವು. ಕಡಲಹೂವು ಮುದುಡಿತು, ಮತ್ತೆ ಅರಳಲಿಲ್ಲ. ಸಂಜೆಗೆ ಅದು ಕರಗಿ ಲೋಳೆಯಾಗಿ ನೀರು ನಾರತೊಡಗಿತು. ಆ ನೀರಿನಲ್ಲಿ ಉಸಿರು ಸಿಗದೆ ಮೀನುಗಳೂ ಒಂದೊಂದಾಗಿ ಮೇಲೆ ಬಂದವು. ಅಕ್ಕ ಮಾತ್ರ ಕೀ ಕೇಳಿದವರಿಗೆ ಯಾವುದೋ ಕೀ ಕೊಡುತ್ತ, ತೊಟ್ಟಿಯನ್ನೇ ನೋಡುತ್ತ ಇದ್ದರು. "ಹಳದಿ ಇನ್ನೂ ಉಸಿರಾಡ್ತಿದೆ, ಎಂತಾದ್ರೂ ಮಾಡಿ ಮ್ಯಾನೇಜರ್ರೆ" ಎಂದರು. ನಾನು ಫೋನಿನಲ್ಲಿ ಅಂಗಡಿಯವರಿಗೆ ಪಿಸುಮಾತಿನಲ್ಲಿ ನಿಜ ಹೇಳಿದೆ, ಇಲ್ಲಿ ಯಾರಿಗೂ ಹೇಳಬೇಡಿ ಎಂದೂ ಸೇರಿಸಿದೆ. ಅವರು, "ಮೈಲುತುತ್ತವಾ? ದೊಡ್ಡ ತೊಟ್ಟಿಗಾ? ಮದ್ದು ಮಾಡಿದ್ದಾ, ತೋಟಕ್ಕೆ ಹೊಡೆದದ್ದಾ ಮಾರಾಯ್ರೆ? ಸೀಗಡಿಗೆ, ಹೂವಿಗೆ ಅದು ವಿಷ. ಆ ಕಲ್ಲು, ಮರಳು ಎಲ್ಲ ಅದನ್ನು ಕುಡಿದಾಯ್ತು. ಇನ್ನು ಅದರಲ್ಲಿ ಅವು ಬದುಕ್ಲಿಕ್ಕಿಲ್ಲ" ಎಂದರು. ಉಳಿದ ಕ್ಯಾನಿನ ನೀರನ್ನು ಡ್ರಮ್ಮಿಗೆ ಸುರಿದು ಹಳದಿಯನ್ನೂ ಪಟ್ಟೆಯ ಒಂದನ್ನೂ ಅದಕ್ಕೆ ಬಿಟ್ಟೆವು. ಆಮೇಲೆ ಅಂಗಡಿಯವರೇ ಬಂದು ಅಳತೆ ನೋಡಿ ಮದ್ದು ಮಾಡಿದರು. ಅವೆರಡು ಬದುಕಿದವು. ಅವರು ಅವನ್ನು ತಮ್ಮ ಜೊತೆಗೇ ಒಯ್ದರು, ನಮ್ಮ ಕೈಯಲ್ಲಿ ಬಿಡುವ ಧೈರ್ಯ ಅವರಿಗಿರಲಿಲ್ಲ.

ಇಲ್ಲಿಯವರೆಗಿನದು ಮೂರ್ಖತನ. ಬರೀ ಮೂರ್ಖತನವಾಗಿದ್ದರೆ ನಾನು ಇದನ್ನು ಹತ್ತು ಮದುವೆಮನೆಗಳಲ್ಲಿ ಹೇಳಿ ನಗಿಸಿರುತ್ತಿದ್ದೆ. ಮೀನು ಸತ್ತ ದಿನ ಸಂಜೆ ಯಜಮಾನರು ಮೂಗಿಗೆ ಕರ್ಚೀಫು ಹಿಡಿದು ಒಳಗೆ ಬಂದು, "ಎಂತಾಯ್ತು? ಯಾರು ಎಂತ ಹಾಕಿದ್ರು ಇದಕ್ಕೆ?" ಎಂದು ಕೂಗಿದರು. ಕೌಂಟರಿನಲ್ಲಿ ಅಕ್ಕ, ಈಚೆ ನಾನು. ನನ್ನ ಬಾಯಿ ನನ್ನನ್ನು ಕೇಳದೆಯೇ ಹೇಳಿತು: "ನಿನ್ನೆ ನಿವಾಳಿಸುವಾಗ ಅಕ್ಕನ ಕೈಯಿಂದ ಮೆಣಸು ಉದುರಿತು."

ಅಕ್ಕ ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. "ಮುಷ್ಟಿ ಗಟ್ಟಿ ಹಿಡಿದಿದ್ನಲ್ಲ" ಎಂದರು. ನನ್ನತ್ತ ತಿರುಗಿ, "ನೀವು ನೋಡಿದ್ರಾ ಮ್ಯಾನೇಜರ್ರೆ?" ಎಂದು ಕೇಳಿದರು.

"ನೋಡಿದೆ."

ಅವರು ಜಗಳ ಮಾಡುತ್ತಾರೆ ಎಂದು ನಾನು ಕಾದಿದ್ದೆ. ಮಾಡಿದ್ದರೆ ನಾನೂ ಎರಡು ಮಾತು ಏರಿಸಿ, ಸಿಕ್ಕಿಬಿದ್ದು, ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಅವರು ನಂಬಿಬಿಟ್ಟರು. "ನೀವು ನೋಡಿದ್ರೆ ಹೌದಾಗಿರ್ಬೇಕು" ಎಂದು ಸೆರಗಿನಿಂದ ಕೈ ಒರೆಸಿಕೊಂಡರು. ಯಜಮಾನರು ಅವರನ್ನು ಕೌಂಟರಿನಿಂದ ತೆಗೆದು ಮಹಡಿಯ ಹಾಸಿಗೆ ಬಟ್ಟೆಯ ಕೆಲಸಕ್ಕೆ ಹಾಕಿದರು. ತಿಂಗಳು ತುಂಬುವ ಮೊದಲೇ ಅವರು ಬರುವುದನ್ನು ಬಿಟ್ಟರು. ತೊಟ್ಟಿಯ ಜಾಗಕ್ಕೆ ಟಿವಿ ಬಂತು. ಅದು ಕೆಟ್ಟರೆ ವಾಸನೆ ಬರುವುದಿಲ್ಲ ಎಂದು ಯಜಮಾನರಿಗೆ ಸಮಾಧಾನ.

ಕೆಲವು ವರ್ಷಗಳ ಮೇಲೆ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಅವರು ಸಿಕ್ಕಿದರು. ಸೊಂಟದ ಮೇಲೆ ಮೊಮ್ಮಗಳು, ಅಳುತ್ತಿದ್ದಳು. ನರಸಿಂಹರಾಜಪುರದಲ್ಲಿ ಮಗಳ ಮನೆಯಲ್ಲಿದ್ದೇನೆ ಎಂದರು. ಏನಾದರೂ ಹೇಳಬೇಕಲ್ಲ ಎಂದು ನಾನು, "ಮಗುಗೆ ದೃಷ್ಟಿಯಾಗಿರ್ಬೇಕು ಅಕ್ಕ, ಒಂದ್ಸಲ ನಿವಾಳಿಸಿ" ಎಂದುಬಿಟ್ಟೆ.

"ನಾನು ಅದನ್ನ ಬಿಟ್ಟು ಎಷ್ಟೋ ಕಾಲ ಆತು ಮ್ಯಾನೇಜರ್ರೆ. ಅಷ್ಟು ಜೀವ ತೆಗೆದ ಕೈ ಇದು. ಮಗು ಮೇಲೆ ನಿವಾಳಿಸ್ಲಿಕ್ಕೆ ಹೆದ್ರಿಕೆ. ಪಕ್ಕದ ಮನೆಯವ್ರ ಹತ್ರ ಕರ್ಕಂಡು ಹೋಗ್ತೀನಿ."

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಬಸ್ಸು ಬಂದಿರಲಿಲ್ಲ, ಸುತ್ತ ಪರಿಚಯದವರಿರಲಿಲ್ಲ, ನಾನು ಕೆಲಸ ಬಿಟ್ಟಾಗಿತ್ತು. ನಾನು ಹೇಳಿದ್ದು ಇಷ್ಟು: "ಹೋಗ್ಲಿ ಬಿಡಿ ಅಕ್ಕ, ನೀವೇನು ಬೇಕಂತ ಮಾಡಿದ್ದಾ? ನಾವ್ಯಾರೂ ಅದನ್ನ ಮನಸ್ಸಲ್ಲಿ ಇಟ್ಕಂಡಿಲ್ಲ." ಅವರ ಕಣ್ಣು ತುಂಬಿತು. "ನೀವು ದೊಡ್ಡವ್ರು" ಎಂದರು. ತಪ್ಪು ಮಾಡಿದವನು ನಾನು, ಕ್ಷಮಿಸಿ ದೊಡ್ಡವನಾದವನೂ ನಾನೇ.

ಈಗ ನರಸಿಂಹರಾಜಪುರಕ್ಕೆ ಬೇಕಾದಷ್ಟು ಬಸ್ಸುಗಳಿವೆ, ನನ್ನ ಮೊಣಕಾಲೂ ಅಷ್ಟೊಂದು ಕೆಟ್ಟಿಲ್ಲ. ಆದರೂ ಹೋಗುವ ಬದಲು ಬರೆಯುತ್ತ ಕುಳಿತಿದ್ದೇನೆ. ಅವರು ಓದುವ ಅಭ್ಯಾಸದವರಲ್ಲ ಎಂಬುದೂ ನನಗೆ ಗೊತ್ತು. ಇಷ್ಟು ಹೊತ್ತು ಅಕ್ಕ ಅಕ್ಕ ಎಂದು ಬರೆದದ್ದು ಕೂಡ ಗೌರವದಿಂದಲ್ಲ. ಅಕ್ಕ ಎಂದರೆ ಯಾವ ಅಕ್ಕನೂ ಆಗಬಹುದು, ಓದಿದವರು ಯಾರೂ ಹೋಗಿ ಅವರಿಗೆ ಹೇಳಲಾರರು ಎಂಬ ಧೈರ್ಯ. ಅಷ್ಟನ್ನಾದರೂ ಕೈಬಿಡುತ್ತೇನೆ. ಅವರ ಕೈಯಿಂದ ಏನೂ ಉದುರಿರಲಿಲ್ಲ. ಅವರ ಹೆಸರು ಸುಮಿತ್ರಾ.