ಅಕ್ಕಿಆಲೂರಿನ ವರ್ಧಕದ ಜಪ್ತಿಗೆ ಹೋಗುವ ಸಿಬ್ಬಂದಿಯ ಊಟದ ಕುರಿತು

ಉಪವಿಭಾಗೀಯ ತರಂಗ ಶಿಸ್ತು ಕಚೇರಿ
(ವ್ಯಾಪ್ತಿ: ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ)

ಸಂಖ್ಯೆ: ತರಂಗ/ಜಪ್ತಿ/ಊಟ/4

ವಿಷಯ: ಶ್ರೀ ಹುಲಗೇಶ ಇವರು ಮನೆಯಲ್ಲಿ ಕಟ್ಟಿದ ಹವ್ಯಾಸಿ ರೇಡಿಯೊ ವರ್ಧಕವನ್ನು ಜಪ್ತಿ ಮಾಡಲು ಹೋದವರು ಉಂಡು ಬರಿಗೈಯಲ್ಲಿ ಮರಳುತ್ತಿರುವ ಬಗ್ಗೆ.

ಉಲ್ಲೇಖ: 1) ಶ್ರೀಮತಿ ಗೌಸಬಿ ಇವರ ಮೌಖಿಕ ದೂರು. 2) ಮೊದಲ ತಂಡದ ವರದಿ (ಎಣ್ಣೆ ತಾಗಿದ ಭಾಗವನ್ನು ಓದಲಾಗಿಲ್ಲ).

ಪ್ರಸ್ತಾವನೆ:

ಅಕ್ಕಿಆಲೂರಿನ ಶ್ರೀ ಹುಲಗೇಶ ಇವರು ಪರವಾನಗಿ ಹೊಂದಿದ ರೇಡಿಯೊ ಹವ್ಯಾಸಿ. ತಮ್ಮ ಸಣ್ಣ ರೇಡಿಯೊದ ಕೂಗು ಸವಣೂರ ದಾಟುತ್ತಿಲ್ಲವೆಂಬ ಕೊರಗಿನಲ್ಲಿ, ಸಮುದ್ರದಾಚೆಯ ಒಬ್ಬರಾದರೂ ಓಗೊಡಲೆಂಬ ಆಸೆಯಲ್ಲಿ, ವರ್ಷವಿಡೀ ಕೂತು ಶಕ್ತಿ ಹೆಚ್ಚಿಸುವ ವರ್ಧಕವೊಂದನ್ನು ಕಟ್ಟಿರುತ್ತಾರೆ. ಅದು ಕಾದು ಸುಡದಿರಲೆಂದು ತಾಯಿ ಮಂಜವ್ವ ಇವರು ರೊಟ್ಟಿ ಹಿಟ್ಟು ನಾದುವ ಅಲ್ಯೂಮಿನಿಯಂ ಪರಾತಕ್ಕೆ ಬೋಲ್ಟ್ ಹಾಕಿ ಬಿಗಿಯಲಾಗಿದೆ. ಪರಾತದ ಮಾಲೀಕರನ್ನು ಕೇಳಲಾಗಿಲ್ಲ.

ವರ್ಧಕ ಚಾಲೂ ಆದೊಡನೆ ಹುಲಗೇಶರ ಧ್ವನಿಯು ಸಮುದ್ರದ ಕಡೆ ಹೋಗದೆ ಓಣಿಯ ಕಸದ ಗಾಡಿಯ ಲೌಡ್‌ಸ್ಪೀಕರ್ ಭೋಂಗಾದಲ್ಲಿ ಹೊರಬಿದ್ದಿದೆ. "ನನ್ನ ಧ್ವನಿ ಹೆಂಗ ಕೇಳಾಕತ್ತೈತ್ರಿ?" ಎಂದು ಗಾಡಿಯು ವಿಚಾರಿಸಿದ್ದು, ನೆರೆಮನೆಯ ಗೌಸಬಿ ಇವರು ಬಕೆಟ್ ಕೆಳಗಿಟ್ಟು, "ಚೊಲೋ ಕೇಳಾಕತ್ತೈತೋ ಯಪ್ಪಾ. ಇಷ್ಟ ದಿನ ಸುಮ್ನ ಕಸಾ ಒಯ್ತಿದ್ದಿ, ಇವತ್ತರ ಮಾತಾಡಿದಿ," ಎಂದು ಉತ್ತರಿಸಿರುತ್ತಾರೆ. ಗಾಡಿಯು ಮರುಮಾತಾಡದೆ ಮುಂದೆ ಹೋದದ್ದೇ ಅವರ ದೂರು. ಆದ್ದರಿಂದ ವರ್ಧಕದ ಜಪ್ತಿಗೆ ಆದೇಶಿಸಲಾಗಿದ್ದು, ಈ ಕೆಳಗಿನಂತೆ ಸೂಚಿಸಲಾಗಿದೆ:

1. ಕಸದ ಗಾಡಿ ಕೇಳುವ ಪ್ರಶ್ನೆಗಳಿಗೆ ಸಾರ್ವಜನಿಕರು ಉತ್ತರಿಸತಕ್ಕದ್ದಲ್ಲ. ತೀರಾ ಸಂಕೋಚವಾದಲ್ಲಿ ತಲೆಯಾಡಿಸಬಹುದು.

2. ಮೊದಲ ತಂಡಕ್ಕೆ ಸದರಿ ಪರಾತದ ಮೇಲೆಯೇ ಬೆಚ್ಚಗಿದ್ದ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಲಾಗಿದೆ. ಜಪ್ತಿ ಯಾಕಾಗಲಿಲ್ಲವೆಂದು ಕೇಳಿದಾಗ ತಂಡದ ಮುಖ್ಯಸ್ಥ ಶ್ರೀ ಮಲ್ಲಿಕಸಾಬ ಇವರು, "ಉಂಡ ಮನಿಗೆ ಎರಡು ಬಗ್ಯಾಕ ಬರೂದಿಲ್ರಿ ಸಾಹೇಬ್ರ. ಪಂಚನಾಮಿ ಬೇಕಾದ್ರ ಬರೀತೇನಿ, ಒಯ್ಯಾಕ ಒಲ್ಲೆ," ಎಂದು ವಿವರಣೆ ನೀಡಿರುತ್ತಾರೆ. ಇದನ್ನು ತಳ್ಳಿಹಾಕಲು ನಿಯಮಾವಳಿಯಲ್ಲಿ ಅವಕಾಶ ಕಂಡುಬಂದಿಲ್ಲ.

3. ಆದ್ದರಿಂದ ಜಪ್ತಿಗೆ ಹೋಗುವವರು ಉಂಡೇ ಹೋಗತಕ್ಕದ್ದೆಂದು ಆದೇಶಿಸಲಾಗಿತ್ತು. ಎರಡನೆಯ ತಂಡವು ಹಾಗೆಯೇ ಹೋಗಿದ್ದರೂ ಮಂಜವ್ವ ಇವರು, "ಅಲ್ಲಿ ಉಂಡದ್ದು ಅಲ್ಲಿಗಾತು. ಕುಂತ್ರಿ," ಎಂದಿದ್ದರಿಂದ ತಂಡವು ಕುಳಿತಿದೆ.

4. ಮೂರನೆಯದಾಗಿ ಸೋಮವಾರ ಉಪವಾಸವಿರುವ ಸಿಬ್ಬಂದಿಯನ್ನೇ ಆಯ್ದು ಕಳುಹಿಸಲಾಯಿತು. ಅವರಿಗೆ ಸಾಬೂದಾಣಿ ಖಿಚಡಿ ನೀಡಲಾಗಿದೆ. ಫಲಾಹಾರವನ್ನು ಊಟವೆಂದು ಪರಿಗಣಿಸಬೇಕೇ ಎಂದು ಕಾನೂನು ಶಾಖೆಯ ಅಭಿಪ್ರಾಯ ಕೋರಲಾಗಿದ್ದು, ಶಾಖೆಯು ಸ್ಥಳಪರಿಶೀಲನೆ ಕೈಗೊಂಡಿರುವುದರಿಂದ ಈಗ ಕಾನೂನು ಶಾಖೆಯೂ ಜಪ್ತಿಗೆ ಅನರ್ಹವಾಗಿದೆ.

5. ಮೂರನೆಯ ತಂಡದ ಸಮಕ್ಷಮದಲ್ಲಿಯೇ ಶ್ರೀಲಂಕಾದ ಹವ್ಯಾಸಿಯೊಬ್ಬರು ಹುಲಗೇಶರ ಕೂಗಿಗೆ ಓಗೊಟ್ಟಿರುತ್ತಾರೆ. ವರ್ಷವಿಡೀ ಕಾದ ಹುಲಗೇಶರು ಆ ಗಳಿಗೆಯಲ್ಲಿ ಮೈಕು ಹಿಡಿದೇ ಕುಣಿಯತೊಡಗಿದ ಕಾರಣ, ಮಂಜವ್ವ ಇವರು ಮೈಕು ಕಸಿದು ಪರವಾನಗಿಯಿಲ್ಲದೆ, "ಊಟಾ ಆತೇನ್ರಿ?" ಎಂದು ಪ್ರಸಾರ ಮಾಡಿರುತ್ತಾರೆ. ತಂಡವು ಅಪರಾಧವನ್ನು ದಾಖಲಿಸುವ ಬದಲು ಹರ್ಷ ವ್ಯಕ್ತಪಡಿಸಿದೆ. ಬಲಗೈ ಎಂಜಲಾಗಿದ್ದರಿಂದ ಎಡಗೈಯಲ್ಲಿ ತೊಡೆ ತಟ್ಟಲಾಗಿದೆ. ಇದು ಕರ್ತವ್ಯದ ಪಟ್ಟಿಯಲ್ಲಿಲ್ಲ.

6. ನಾಲ್ಕೂ ತಾಲ್ಲೂಕುಗಳಲ್ಲಿ ಸದರಿ ಮನೆಯಲ್ಲಿ ಇನ್ನೂ ಉಣ್ಣದ ನೌಕರರು ಯಾರಾದರೂ ಉಳಿದಿದ್ದಲ್ಲಿ, ಅಂತಿಮ ಜಪ್ತಿಗಾಗಿ ಗುರುವಾರ ಮಧ್ಯಾಹ್ನ ಸರಿಯಾಗಿ ಊಟದ ಹೊತ್ತಿಗೆ ಅಕ್ಕಿಆಲೂರಿನಲ್ಲಿ ಹಾಜರಿರತಕ್ಕದ್ದು.

7. ಅಲ್ಲಿಯವರೆಗೆ ವರ್ಧಕವು ಇದ್ದಲ್ಲಿಯೇ ಜಪ್ತಾಗಿದೆಯೆಂದು ಭಾವಿಸತಕ್ಕದ್ದು. ಜಪ್ತಾದ ವಸ್ತು ಕೆಡಬಾರದಾದ್ದರಿಂದ ಹುಲಗೇಶ ಇವರು ಅದನ್ನು ದಿನಾಲೂ ಚಾಲೂ ಮಾಡಿ ದೂರದೂರದವರೊಡನೆ ಮಾತಾಡಿ ಖಾತ್ರಿಪಡಿಸಿಕೊಳ್ಳತಕ್ಕದ್ದು.

ಸಹಿ/-
ಪ್ರಭಾರ ತರಂಗ ಶಿಸ್ತು ಅಧಿಕಾರಿ

ಪ್ರತಿಗಳು:
1. ನಾಲ್ಕೂ ತಾಲ್ಲೂಕು ಶಾಖೆಗಳಿಗೆ, ಹಸಿವಿನ ಮಾಹಿತಿ ಕೋರಿ.
2. ಕಸದ ಗಾಡಿಯ ಚಾಲಕರಿಗೆ, ಗೌಸಬಿ ಇವರೊಡನೆ ಒಂದೆರಡು ಮಾತಾಡುವಂತೆ ವಿನಂತಿಸಿ.
3. ಶ್ರೀ ಹುಲಗೇಶ ಇವರಿಗೆ, ತಾಯಿಗೆ ಬೇರೆ ಪರಾತ ಕೊಡಿಸುವಂತೆ ಸೂಚಿಸಿ.
4. ಶ್ರೀಮತಿ ಮಂಜವ್ವ ಇವರಿಗೆ: ಗುರುವಾರ ನಾಲ್ವರು ಬರಲಿದ್ದು, ಅವರಲ್ಲಿ ಮೇಲೆ ಸಹಿ ಮಾಡಿದವರೂ ಸೇರಿದ್ದಾರೆ. ಅವರಿಗೆ ಖಾರ ನಡೆಯುತ್ತದೆ.